ಎಬಿಎಸ್ ಪ್ಲಾಸ್ಟಿಕ್ ಶೀಟ್ ಗೋಡೆಯಲ್ಲಿ ತೆಳುವಾಗಿ ಹರಿಯುತ್ತಿದೆ, ಮೂಲೆಯಲ್ಲಿ ನೆರಿಗೆ ಬೀಳುತ್ತಿದೆ. ದಪ್ಪ ಶೀಟ್ ಹಾಕಿದರೆ ಸರಿಹೋಗುತ್ತದಾ?

ಪೆಟ್ಟಿಗೆ22

ಎಲ್ಲರಿಗೂ ನಮಸ್ಕಾರ. ಒಂದು ಯಂತ್ರಕ್ಕೆ ಮೇಲಿನ ಕವರ್ ಮಾಡುತ್ತಿದ್ದೇನೆ, ವ್ಯಾಕ್ಯೂಮ್ ಫಾರ್ಮಿಂಗ್‌ನಲ್ಲಿ, ಅಂದರೆ ಪ್ಲಾಸ್ಟಿಕ್ ಶೀಟ್ ಕಾಯಿಸಿ ಗಾಳಿ ಎಳೆದು ಅಚ್ಚಿಗೆ ಕೂರಿಸುವ ವಿಧಾನದಲ್ಲಿ. ಆಕಾರ ಸರಳ, ಬೋರಲು ಹಾಕಿದ ಪೆಟ್ಟಿಗೆ ಅಷ್ಟೇ. ಉದ್ದ 300 ಮಿಮೀ, ಅಗಲ 200 ಮಿಮೀ, ಎತ್ತರ 100 ಮಿಮೀ. ಶೀಟ್ 2 ಮಿಮೀ ಕಪ್ಪು ಎಬಿಎಸ್. ಅಚ್ಚು ಎಂಡಿಎಫ್‌ನದು (ಮರದ ನಾರು ಒತ್ತಿ ಮಾಡಿದ ಹಲಗೆ), ಉಬ್ಬು ಅಚ್ಚು, ಅಂದರೆ ಶೀಟ್ ಅದರ ಮೇಲೆ ಹೊದ್ದುಕೊಳ್ಳುತ್ತದೆ. ಗೋಡೆಗಳು ಹೆಚ್ಚುಕಡಿಮೆ ನೆಟ್ಟಗೆ ಇವೆ. ಅಂಚುಗಳನ್ನು ಉಪ್ಪು ಕಾಗದದಲ್ಲಿ ಉಜ್ಜಿ ಸ್ವಲ್ಪ ಗುಂಡಗೆ ಮಾಡಿದ್ದೇನೆ.

ಮಶೀನ್ ಚಿಕ್ಕದು. ಶೀಟ್ ಹಿಡಿಯುವ ಫ್ರೇಮ್‌ನ ಒಳ ಅಳತೆ 400 × 300 ಮಿಮೀ. ಹೀಟರ್ ಮೇಲ್ಗಡೆ ಮಾತ್ರ ಇದೆ. ಶೀಟ್ ಕಾಯ್ದು ಜೋತುಬಿದ್ದ ಮೇಲೆ ಹೀಟರ್ ಹಿಂದಕ್ಕೆ ತಳ್ಳಿ, ಅಚ್ಚನ್ನು ಮೇಲೆತ್ತಿ, ವ್ಯಾಕ್ಯೂಮ್ ಕೊಡುತ್ತೇನೆ.

ತೊಂದರೆ ಏನಂದರೆ, ಕವರ್‌ನ ತಲೆಭಾಗ ಚೆನ್ನಾಗಿ ಬರುತ್ತದೆ, ಅಳೆದರೆ 1.8 ಮಿಮೀ ಇದೆ. ಗೋಡೆಯ ಕೆಳಗೆ ಬಂದರೆ 0.6, ಒಂದು ಬದಿಯಲ್ಲಂತೂ 0.4. ಕೆಲವು ಪೀಸುಗಳು ಅಲ್ಲೇ ಹರಿದುಹೋಗಿವೆ. ನಾಲ್ಕೂ ಮೂಲೆಯ ಬುಡದಲ್ಲಿ ಶೀಟ್ ಮಡಚಿಕೊಂಡು ರೆಕ್ಕೆ ತರಹ ನೆರಿಗೆ ನಿಲ್ಲುತ್ತದೆ. ಇಷ್ಟು ಸಾಲದು ಅಂತ ಪೀಸ್ ಅಚ್ಚಿಗೆ ಕಚ್ಚಿಕೊಳ್ಳುತ್ತದೆ, ತೆಗೆಯಲು ಒದ್ದಾಡಬೇಕು.

3 ಮಿಮೀ ಶೀಟ್ ಹಾಕಿದರೆ ಇದೆಲ್ಲ ಸರಿಹೋಗುತ್ತದಾ? ಇಲ್ಲಾ ಅಚ್ಚನ್ನೇ ಬದಲಿಸಬೇಕಾ? ಇದೇ ಕವರ್ ಪಾರದರ್ಶಕವಾಗಿಯೂ ಬೇಕು ಅಂತ ಕೇಳಿದ್ದಾರೆ, ಅದಕ್ಕೆ ಯಾವ ಶೀಟ್ ತರಲಿ ಅನ್ನುವುದನ್ನೂ ಹೇಳಿ.

ಹೀಟರ್‌ಬದಿ

ದಪ್ಪ ಶೀಟ್ ಈಗಲೇ ಬೇಡ. ಯಾಕೆ ಅಂತ ಲೆಕ್ಕ ಹಾಕಿ ತೋರಿಸುತ್ತೇನೆ, ಆಮೇಲೆ ನೀವೇ ತೀರ್ಮಾನ ಮಾಡಿ.

ಫ್ರೇಮ್ ಒಳಗೆ ನಿಮಗೆ ಸಿಗುವ ಶೀಟ್ 400 × 300, ಅಂದರೆ 1,20,000 ಚದರ ಮಿಮೀ. ಅದು ಹರಡಿಕೊಳ್ಳಬೇಕಾದ ಜಾಗ ಎಷ್ಟು? ತಲೆಭಾಗ 60,000. ಉದ್ದ ಗೋಡೆ ಎರಡೂ ಸೇರಿ 60,000, ಅಗಲದ ಗೋಡೆ ಎರಡೂ ಸೇರಿ 40,000. ಅಚ್ಚಿನ ಸುತ್ತ ಫ್ರೇಮ್‌ವರೆಗೆ ಉಳಿಯುವ ಪಟ್ಟಿ ಇನ್ನೊಂದು 60,000. ಒಟ್ಟು 2,20,000. ಅಂದರೆ ಶೀಟ್ ಸುಮಾರು 1.83 ಪಟ್ಟು ಹಿಗ್ಗಬೇಕು. ಎಲ್ಲ ಕಡೆ ಸಮನಾಗಿ ಹಿಗ್ಗಿದರೆ ನಿಮ್ಮ 2 ಮಿಮೀ ಶೀಟ್ 1.1 ಮಿಮೀ ಆಗಬೇಕು. ಕವರ್‌ಗೆ ಅಷ್ಟು ಸಾಕಲ್ವಾ?

ಆದರೆ ಅದು ಸಮನಾಗಿ ಹಿಗ್ಗುತ್ತಿಲ್ಲ. ತಲೆಭಾಗ 1.8 ಉಳಿಸಿಕೊಂಡಿದೆ. ಅಂದರೆ ಅಲ್ಲಿಯ ಪ್ಲಾಸ್ಟಿಕ್ ಅಚ್ಚಿಗೆ ತಾಗಿದ ಕ್ಷಣವೇ ತಣ್ಣಗಾಗಿ ನಿಂತುಬಿಟ್ಟಿದೆ, ಕೆಳಗೆ ಇಳಿದು ಬಂದೇ ಇಲ್ಲ. ಒಟ್ಟು ಪ್ಲಾಸ್ಟಿಕ್‌ನಲ್ಲಿ ತಲೆಯ ಪಾಲು ತೆಗೆದರೆ ಉಳಿದ 1,60,000 ಚದರ ಮಿಮೀಗೆ ಸಿಗುವುದು ಸರಾಸರಿ 0.8 ಮಿಮೀ ಮಾತ್ರ. ಅದರಲ್ಲೂ ಕೊನೆಗೆ ತಾಗುವ ಜಾಗ ಎಲ್ಲಕ್ಕಿಂತ ತೆಳು. ಈ ಕೆಲಸದ ಮೂಲ ನಿಯಮವೇ ಇದು: ಮೊದಲು ತಾಗಿದ್ದು ದಪ್ಪ, ಕೊನೆಗೆ ತಾಗಿದ್ದು ತೆಳು. 3 ಮಿಮೀ ಹಾಕಿದರೆ ಗೋಡೆ ಬುಡ 0.6 ಇದ್ದದ್ದು 0.9 ಆಗುತ್ತದೆ ನಿಜ. ಜೊತೆಗೆ ತಲೆಭಾಗ 2.7 ಆಗಿ ಸುಮ್ನೆ ತೂಕ ಹೆಚ್ಚುತ್ತದೆ, ನೆರಿಗೆಯೂ ದಪ್ಪವಾಗುತ್ತದೆ, ಕಾಯಿಸುವ ಹೊತ್ತು ಎರಡು ಪಟ್ಟಿಗೂ ಜಾಸ್ತಿ ಆಗುತ್ತದೆ. ಕಾರಣ ಹಾಗೇ ಉಳಿಯುತ್ತದೆ.

ಈಗ ನನಗೆ ಎಲ್ಲಕ್ಕಿಂತ ಅನುಮಾನ ಬಂದಿರುವುದು ಆ "ಒಂದು ಬದಿಯಲ್ಲಂತೂ 0.4" ಅನ್ನುವ ಮಾತು. ಅಚ್ಚು ನಾಲ್ಕೂ ಕಡೆ ಒಂದೇ ತರಹ ಇದ್ದು, ಒಂದೇ ಬದಿ ತೆಳುವಾದರೆ ತಪ್ಪು ಶಾಖದಲ್ಲಿದೆ. ಬಿಸಿ ಜಾಸ್ತಿ ಇರುವ ಜಾಗ ಮೆತ್ತಗಿರುತ್ತದೆ, ಎಳೆತವನ್ನೆಲ್ಲ ಅದೇ ತೆಗೆದುಕೊಳ್ಳುತ್ತದೆ. ಪಕ್ಕದ ತಣ್ಣಗಿನ ಜಾಗ ಹಿಗ್ಗದೆ ಸುಮ್ಮನೆ ಕೂತಿರುತ್ತದೆ. ಹತ್ತೇ ಡಿಗ್ರಿ ವ್ಯತ್ಯಾಸ ಇದ್ದರೂ ಪೀಸಿನಲ್ಲಿ ಎದ್ದು ಕಾಣುತ್ತದೆ.

ಇದನ್ನು ಕಣ್ಣಾರೆ ನೋಡಲು ಖರ್ಚಿಲ್ಲದ ಉಪಾಯ ಇದೆ. ಶೀಟ್ ಹಾಕುವ ಮೊದಲು ಅದರ ಮೇಲೆ ಮಾರ್ಕರ್ ಪೆನ್ನಿನಲ್ಲಿ 10 ಮಿಮೀ ಚೌಕದ ಗೆರೆಗಳನ್ನು ಎಳೆಯಿರಿ. ಕಪ್ಪು ಶೀಟ್‌ಗೆ ಬಿಳಿ ಅಥವಾ ಬೆಳ್ಳಿ ಬಣ್ಣದ ಪೆನ್ನು. ಆಮೇಲೆ ಎಂದಿನಂತೆ ಪೀಸ್ ತೆಗೆಯಿರಿ. ಯಾವ ಚೌಕ ಎಷ್ಟು ಎಳೆದುಕೊಂಡಿದೆ ಅಂತ ಪೀಸೇ ಹೇಳುತ್ತದೆ. 10 × 10 ಇದ್ದದ್ದು 20 × 20 ಆಗಿದ್ದರೆ ಅಲ್ಲಿ ದಪ್ಪ ನಾಲ್ಕನೇ ಒಂದು ಭಾಗಕ್ಕೆ ಇಳಿದಿದೆ. ಒಂದೇ ದಿಕ್ಕಿನಲ್ಲಿ 20 ಆಗಿದ್ದರೆ ಅರ್ಧ. ನೆರಿಗೆ ಇರುವ ಕಡೆ ಚೌಕಗಳು ಕುಗ್ಗಿ ಒತ್ತೊತ್ತಾಗಿರುತ್ತವೆ. ಈ ಒಂದು ಪೀಸನ್ನು ಎಸೆಯಬೇಡಿ, ಪಕ್ಕದಲ್ಲಿ ಇಟ್ಟುಕೊಳ್ಳಿ. ಮುಂದೆ ಏನೇ ಬದಲಿಸಿದರೂ ಇದರ ಜೊತೆ ಹೋಲಿಸಬಹುದು.

ಜೊತೆಗೆ ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ, ಹೀಟರ್ ಹಿಂದೆ ಸರಿಸಿದ ತಕ್ಷಣ ಒಂಬತ್ತು ಕಡೆ ಅಳೆಯಿರಿ: ನಡುವೆ, ನಾಲ್ಕು ಮೂಲೆ, ನಾಲ್ಕು ಬದಿಯ ಮಧ್ಯ. ಅದರಲ್ಲಿ ಎಮಿಸಿವಿಟಿ (ಮೇಲ್ಮೈ ಎಷ್ಟು ಶಾಖ ಸೂಸುತ್ತದೆ ಅನ್ನುವ ಸೆಟ್ಟಿಂಗ್) 0.95ಕ್ಕೆ ಇಟ್ಟುಕೊಳ್ಳಿ. ಎಬಿಎಸ್ ಸುಮಾರು 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೆತ್ತಗಾಗಲು ಶುರುವಾದರೂ ಅಚ್ಚಿಗೆ ಎಳೆಯಲು 150ರಿಂದ 175 ಬೇಕು. ನಡುವೆ 170, ಮೂಲೆಯಲ್ಲಿ 140 ಅಂತ ಬಂದರೆ ಆಶ್ಚರ್ಯಪಡಬೇಡಿ, ಚಿಕ್ಕ ಮಶೀನ್‌ಗಳಲ್ಲಿ ಇದು ಮಾಮೂಲು. ನಡುವಿನ ಜಾಗಕ್ಕೆ ಸುತ್ತಲಿನ ಎಲ್ಲ ಹೀಟರ್‌ಗಳ ಶಾಖ ಸಿಗುತ್ತದೆ, ಮೂಲೆಗೆ ಸಿಗುವುದಿಲ್ಲ. ಸಾಲದ್ದಕ್ಕೆ ಲೋಹದ ಫ್ರೇಮ್ ಅಲ್ಲಿಯ ಬಿಸಿಯನ್ನು ಹೀರಿಕೊಳ್ಳುತ್ತದೆ. ಹೀಟರ್‌ನಲ್ಲಿ ಬೇರೆ ಬೇರೆ ವಲಯಕ್ಕೆ ಬೇರೆ ಬೇರೆ ಕಂಟ್ರೋಲ್ ಇದ್ದರೆ ಅಂಚಿನವನ್ನು ಏರಿಸಿ. ಇಲ್ಲದಿದ್ದರೆ ನಡುವಿನ ಜಾಗಕ್ಕೆ ಮಾತ್ರ ಒಂದು ತಂತಿಜಾಲರಿ ತುಂಡನ್ನು ಹೀಟರ್ ಕೆಳಗೆ ಕಟ್ಟಿ ನೆರಳು ಮಾಡಿ. ಹಳೆಯ ವಿಧಾನ, ಆದರೂ ತುಂಬಾ ಚೆನ್ನಾಗಿ ಕೆಲಸ ಮಾಡುತ್ತದೆ.

ಗಾಳಿಯನ್ನೂ ನೋಡಿ. ಮಶೀನ್ ಪಕ್ಕ ಬಾಗಿಲು, ಕಿಟಕಿ, ಫ್ಯಾನ್ ಏನಾದರೂ ಇದೆಯಾ? ಒಂದು ಬದಿಗೆ ತಣ್ಣನೆ ಗಾಳಿ ಬಡಿದರೆ ಆ ಬದಿ ಹಿಗ್ಗುವುದಿಲ್ಲ, ಎದುರು ಬದಿ ಎಲ್ಲ ಭಾರ ಹೊತ್ತು ತೆಳುವಾಗುತ್ತದೆ. ಹೀಗಾಗಿ 0.4 ಬಂದ ಬದಿಯಲ್ಲೇ ತಪ್ಪು ಹುಡುಕಬೇಡಿ, ಅದರ ಎದುರು ಬದಿಯನ್ನು ನೋಡಿ.

ಮೇಲಿನಿಂದ ಮಾತ್ರ ಕಾಯಿಸುವುದು 2 ಮಿಮೀಗೆ ನಡೆಯುತ್ತದೆ, ಆದರೆ ಅವಸರ ಮಾಡಬಾರದು. ಪ್ಲಾಸ್ಟಿಕ್‌ನಲ್ಲಿ ಶಾಖ ತುಂಬಾ ನಿಧಾನಕ್ಕೆ ಒಳಗೆ ಹೋಗುತ್ತದೆ. ಎರಡೂ ಕಡೆಯಿಂದ ಕಾಯಿಸಿದರೆ ಶಾಖ ದಾಟಬೇಕಾದ ದಾರಿ ಅರ್ಧ, ಅದಕ್ಕೆ ಹಿಡಿಯುವ ಹೊತ್ತು ಸುಮಾರು ನಾಲ್ಕನೇ ಒಂದು ಭಾಗ. ಒಂದೇ ಕಡೆ ಹೀಟರ್ ಇದ್ದಾಗ ಅದನ್ನು ಜೋರಾಗಿ ಉರಿಸಿದರೆ ಮೇಲ್ಮೈ ಸುಡುತ್ತದೆ, ಅಡಿ ಇನ್ನೂ ಗಟ್ಟಿಯಾಗಿರುತ್ತದೆ. ಹೀಟರ್ ಸ್ವಲ್ಪ ತಗ್ಗಿಸಿ, ಹೊತ್ತು ಜಾಸ್ತಿ ಕೊಡಿ.

ಶೀಟ್ ನೋಡುತ್ತಾ ಕಲಿಯುವುದೂ ಬೇಕು. ಎಬಿಎಸ್ ಕಾಯುವಾಗ ಮೊದಲು ಅಲೆಅಲೆಯಾಗಿ ಉಬ್ಬುತ್ತದೆ, ಆಮೇಲೆ ತಾನಾಗಿಯೇ ಬಿಗಿದು ಸಪಾಟಾಗುತ್ತದೆ, ಕೊನೆಗೆ ನಿಧಾನಕ್ಕೆ ಜೋತುಬೀಳುತ್ತದೆ. ಬಿಗಿದ ಹಂತದಲ್ಲೇ ಕೆಲವರು ಅಚ್ಚು ಎತ್ತುತ್ತಾರೆ, ಆಗ ಹರಿಯುವುದು ಖಂಡಿತ. ಜೋತುಬಿದ್ದ ಆಕಾರ ಬಟ್ಟಲಿನಂತೆ ನಾಲ್ಕೂ ಕಡೆ ಸಮನಾಗಿ ಇರಬೇಕು. ಒಂದು ಕಡೆಗೆ ವಾಲಿದ್ದರೆ ಅಳೆಯುವುದೇ ಬೇಡ, ಶಾಖ ಸಮ ಇಲ್ಲ ಅಂತ ಅರ್ಥ.

ಮರಎಪಾಕ್ಸಿ

ಮೇಲೆ ಹೇಳಿದ ಚೌಕದ ಗೆರೆಯ ಉಪಾಯ ಎಲ್ಲರೂ ಮಾಡಬೇಕಾದದ್ದು. ಆದರೆ ಎಲ್ಲವನ್ನೂ ಹೀಟರ್ ತಲೆಗೆ ಕಟ್ಟುವುದನ್ನು ನಾನು ಒಪ್ಪುವುದಿಲ್ಲ. ನೆರಿಗೆ ಮತ್ತು ಕಚ್ಚಿಕೊಳ್ಳುವುದು, ಇವೆರಡೂ ಅಚ್ಚಿನ ತೊಂದರೆಗಳು. ಶಾಖ ಎಷ್ಟು ಸಮ ಮಾಡಿದರೂ ನೆಟ್ಟಗಿನ ಗೋಡೆಯ ಉಬ್ಬು ಅಚ್ಚು ಕಚ್ಚಿಯೇ ಕಚ್ಚುತ್ತದೆ.

ಯಾಕೆಂದರೆ ಪ್ಲಾಸ್ಟಿಕ್ ತಣ್ಣಗಾಗುತ್ತಾ ಕುಗ್ಗುತ್ತದೆ. ಎಬಿಎಸ್ 0.5ರಿಂದ 0.8 ಶೇಕಡಾ. 300 ಮಿಮೀ ಉದ್ದಕ್ಕೆ ಅದು 1.5ರಿಂದ 2.4 ಮಿಮೀ ಆಗುತ್ತದೆ. ಒಳಗೆ ಅಚ್ಚು ಗಟ್ಟಿಯಾಗಿ ನಿಂತಿರುವಾಗ ಇಷ್ಟು ಕುಗ್ಗಲು ಹೊರಟರೆ ಅದು ಅಚ್ಚನ್ನು ಬಿಗಿದು ಹಿಡಿಯದೆ ಇನ್ನೇನು ಮಾಡುತ್ತದೆ? ಉಬ್ಬು ಅಚ್ಚಿಗೆ ಗೋಡೆಯ ಇಳಿಜಾರು ಕನಿಷ್ಠ 3 ಡಿಗ್ರಿ ಕೊಡಿ, 5 ಆದರೆ ಇನ್ನೂ ಒಳ್ಳೆಯದು. 100 ಮಿಮೀ ಎತ್ತರಕ್ಕೆ 3 ಡಿಗ್ರಿ ಅಂದರೆ ಪ್ರತಿ ಬದಿ 5 ಮಿಮೀ ಚಿಲ್ಲರೆ ಮಾತ್ರ. ಡ್ರಾಯಿಂಗ್ ಕೊಟ್ಟವರನ್ನು ಕೇಳಿ, ಬಹಳ ಸಲ ಅವರಿಗೆ ಅದರಿಂದ ಏನೂ ತೊಂದರೆ ಇರುವುದಿಲ್ಲ.

ತೆಗೆಯುವ ಹೊತ್ತೂ ಮುಖ್ಯ. ಬೇಗ ತೆಗೆದರೆ ಸೊಟ್ಟಗಾಗುತ್ತದೆ, ತಡ ಮಾಡಿದರೆ ಪೂರ್ತಿ ಬಿಗಿದುಕೊಳ್ಳುತ್ತದೆ. ಎಬಿಎಸ್ ಮೇಲ್ಮೈ ಸುಮಾರು 80 ಡಿಗ್ರಿಗೆ ಬಂದಾಗ, ಇನ್ನೂ ಬೆಚ್ಚಗಿರುವಾಗಲೇ, ವ್ಯಾಕ್ಯೂಮ್ ರಂಧ್ರಗಳ ಮೂಲಕವೇ ಸ್ವಲ್ಪ ಗಾಳಿ ತಿರುಗಿಸಿ ಊದಿ. ಪೀಸ್ ತಾನಾಗಿ ಮೇಲೇಳುತ್ತದೆ. ಕವರ್‌ಗೆ ಆಮೇಲೆ ಪೇಂಟ್ ಹೊಡೆಯುವುದಿದ್ದರೆ ಸಿಲಿಕೋನ್ ಸ್ಪ್ರೇ ಅಚ್ಚಿನ ಹತ್ತಿರ ಕೂಡ ತರಬೇಡಿ. ಅದು ಪೀಸಿಗೆ ಹತ್ತಿಕೊಂಡರೆ ಬಣ್ಣ ನಿಲ್ಲುವುದಿಲ್ಲ.

ಇನ್ನು ನೆರಿಗೆ. ಅಚ್ಚಿನ ನೆಟ್ಟ ಬದಿಗಳಲ್ಲಿ ಶೀಟ್ ಸಾಲದೆ ಹಿಗ್ಗುತ್ತದೆ, ಮೂಲೆಯಲ್ಲಿ ಮಾತ್ರ ಅದೇ ಶೀಟ್ ಹೆಚ್ಚಾಗಿ ಬೀಳುತ್ತದೆ. ಮೇಜಿನ ಮೇಲೆ ಬಟ್ಟೆ ಹಾಸಿದರೆ ಮೂಲೆಯಲ್ಲಿ ಮಡಿಕೆ ಇಳಿಯುವುದು ಇದೇ ಕಾರಣಕ್ಕೆ. ಆ ಹೆಚ್ಚುವರಿ ಶೀಟ್‌ಗೆ ಕುಗ್ಗಲು ಹೊತ್ತು ಸಿಗದಿದ್ದರೆ ಎರಡು ಪದರ ಒಂದಕ್ಕೊಂದು ಅಂಟಿ ರೆಕ್ಕೆಯಾಗುತ್ತದೆ. ಶೀಟ್ ಜಾಸ್ತಿ ಬಿಸಿಯಾಗಿ ತುಂಬಾ ಜೋತುಬಿದ್ದಿದ್ದರೆ ಇದು ಇನ್ನೂ ಹೆಚ್ಚು.

ನಾನು ಮಾಡುವುದು ಹೀಗೆ. ಮೊದಲು ನೆಟ್ಟ ಮೂಲೆಗಳ ಗುಂಡಗು ದೊಡ್ಡದು ಮಾಡುತ್ತೇನೆ. ಉಪ್ಪು ಕಾಗದದಲ್ಲಿ ಉಜ್ಜಿದಷ್ಟು ಸಾಲದು, 10–15 ಮಿಮೀ ತ್ರಿಜ್ಯ ಇರಲಿ. ಆಮೇಲೆ ಪ್ರತಿ ಮೂಲೆಯ ಹೊರಗೆ, ಕತ್ತರಿಸಿ ಎಸೆಯುವ ಪಟ್ಟಿಯ ಮೇಲೆ, ಒಂದು ಚಿಕ್ಕ ಮರದ ತುಂಡು ಕೂರಿಸುತ್ತೇನೆ. ಎತ್ತರ ಅಚ್ಚಿನ ಅರ್ಧಕ್ಕಿಂತ ಕಡಿಮೆ, ಮೇಲೆ ಗುಂಡಗೆ. ಹೆಚ್ಚಾದ ಶೀಟನ್ನು ಆ ತುಂಡು ತನ್ನ ಮೇಲೆ ಎಳೆದುಕೊಳ್ಳುತ್ತದೆ, ನೆರಿಗೆ ಕವರ್ ಮೇಲೆ ಬೀಳುವ ಬದಲು ಹೊರಗೆ ಹೋಗುತ್ತದೆ. ಜಾಗವನ್ನು ಒಂದೆರಡು ಸಲ ಸರಿಸಿ ನೋಡಬೇಕಾಗುತ್ತದೆ. ಜೊತೆಗೆ ಅಚ್ಚನ್ನು 10 ಮಿಮೀ ದಪ್ಪದ ಹಲಗೆ ಮೇಲೆ ಏರಿಸಿ ಕೂರಿಸಿ, ಬುಡದ ಕೊನೆಯ 10 ಮಿಮೀ ಕತ್ತರಿಸಿ ಎಸೆಯುವ ಭಾಗವಾಗುತ್ತದೆ. ಎಲ್ಲಕ್ಕಿಂತ ಕೆಟ್ಟ ಜಾಗ ಹೇಗೂ ಅದೇ ಅಲ್ವಾ.

ಗೋಡೆ ತೆಳುವಾಗುವುದಕ್ಕೆ ಉಬ್ಬು ಅಚ್ಚಿನಲ್ಲಿ ಒಳ್ಳೆಯ ಮದ್ದು ಅಂದರೆ ಮೊದಲೇ ಗುಳ್ಳೆ ಊದುವುದು. ಕಾಯ್ದ ಶೀಟ್‌ಗೆ ಕೆಳಗಿನಿಂದ ಮೆಲ್ಲಗೆ ಗಾಳಿ ಕೊಟ್ಟು, ಅಚ್ಚಿನ ಎತ್ತರದ ಅರ್ಧದಿಂದ ಮುಕ್ಕಾಲು ಭಾಗದವರೆಗೆ ಗುಮ್ಮಟದ ಹಾಗೆ ಉಬ್ಬಿಸಿ, ಅದರೊಳಗೆ ಅಚ್ಚು ಎತ್ತಿ, ಆಮೇಲೆ ವ್ಯಾಕ್ಯೂಮ್. ಆಗ ಅಚ್ಚು ತಾಗುವ ಮೊದಲೇ ಇಡೀ ಶೀಟ್ ಹಿಗ್ಗಿರುತ್ತದೆ, ತಲೆಭಾಗವೂ ತನ್ನ ಪಾಲು ಬಿಟ್ಟುಕೊಟ್ಟಿರುತ್ತದೆ. ನಿಮ್ಮ ಮಶೀನ್‌ನಲ್ಲಿ ಪೀಸ್ ಬಿಡಿಸಲು ಗಾಳಿ ಊದುವ ವಾಲ್ವ್ ಇದ್ದರೆ, ಅದನ್ನೇ ಇದಕ್ಕೂ ಬಳಸಬಹುದು. ತುಂಬಾ ಮೆಲ್ಲಗೆ ತೆರೆಯಿರಿ. ಶಾಖ ಸಮ ಇಲ್ಲದಿದ್ದರೆ ಗುಳ್ಳೆ ಒಂದು ಕಡೆಗೆ ಉಬ್ಬಿ ಒಡೆಯುತ್ತದೆ, ಈ ವಿಷಯದಲ್ಲಿ ಮಾತ್ರ ಮೇಲಿನವರ ಮಾತು ಪೂರ್ತಿ ಸರಿ.

ತಗ್ಗು ಅಚ್ಚಿಗೆ, ಅಂದರೆ ಶೀಟ್ ಒಳಗೆ ಇಳಿಯುವ ಗುಂಡಿಯಂತಹ ಅಚ್ಚಿಗೆ ಹೋದರೆ ನೆರಿಗೆಯ ಕಾಟ ಬಹುಮಟ್ಟಿಗೆ ಹೋಗುತ್ತದೆ, ಪೀಸ್ ಕುಗ್ಗಿ ತಾನಾಗಿ ಗೋಡೆ ಬಿಡುತ್ತದೆ, 1–2 ಡಿಗ್ರಿ ಇಳಿಜಾರು ಸಾಕು. ಆದರೆ ತೆಳುವಾಗುವ ಜಾಗ ತಲೆಕೆಳಗಾಗುತ್ತದೆ. ಗುಂಡಿಯ ತಳದ ಮೂಲೆಗಳು, ಅಂದರೆ ನಿಮ್ಮ ಕವರ್‌ನ ಮೇಲಿನ ಮೂಲೆಗಳು, ಎಲ್ಲಕ್ಕಿಂತ ತೆಳು. ಏಟು ಬೀಳುವುದು ಅಲ್ಲಿಗೇ. ಅದನ್ನು ತಡೆಯಲು ಮೇಲಿನಿಂದ ಪ್ಲಗ್ (ಶೀಟನ್ನು ಒಳಗೆ ತಳ್ಳುವ ತುಂಡು) ಇಳಿಸಬೇಕು. ಪ್ಲಗ್ ಗುಂಡಿಗಿಂತ ಸ್ವಲ್ಪ ಚಿಕ್ಕದಿದ್ದು ಆಳದ ಮುಕ್ಕಾಲು ಭಾಗದವರೆಗೆ ಶೀಟನ್ನು ಒಯ್ಯುತ್ತದೆ, ಉಳಿದದ್ದು ವ್ಯಾಕ್ಯೂಮ್ ಕೆಲಸ. ಮರದ ಪ್ಲಗ್ ಆದರೆ ಮೇಲೆ ಉಣ್ಣೆಯ ಫೆಲ್ಟ್ ಸುತ್ತಿ, ಇಲ್ಲದಿದ್ದರೆ ತಾಗಿದ ಜಾಗ ತಣ್ಣಗಾಗಿ ಗೆರೆ ಉಳಿಯುತ್ತದೆ. ನಿಮ್ಮ ಕವರ್‌ಗೆ ಉಬ್ಬು ಅಚ್ಚೇ ಇರಲಿ ಅಂತ ನನ್ನ ಅಭಿಪ್ರಾಯ. ತಲೆಭಾಗ ದಪ್ಪ ಇರುವುದು ಕವರ್‌ಗೆ ಒಳ್ಳೆಯದೇ.

ಎಂಡಿಎಫ್ ಬಗ್ಗೆ ಒಂದು ಮಾತು. ಮೊದಲ ಕೆಲವು ಪೀಸು ತಣ್ಣನೆ ಅಚ್ಚಿನ ಮೇಲೆ ಹೋಗುತ್ತವೆ, ಆಮೇಲೆ ಅಚ್ಚು ಕಾಯುತ್ತಾ ಹೋಗುತ್ತದೆ, ಶಾಖ ಹೊರಗೆ ಬಿಡುವುದೇ ಇಲ್ಲ. ಹಾಗಾಗಿ ಬೆಳಿಗ್ಗೆಯ ಪೀಸಿಗೂ ಮಧ್ಯಾಹ್ನದ ಪೀಸಿಗೂ ಅಳತೆ ಹೊಂದುವುದಿಲ್ಲ. ಎಬಿಎಸ್‌ಗೆ ಅಚ್ಚು 65ರಿಂದ 85 ಡಿಗ್ರಿ ನಡುವೆ ಇರುವುದು ಒಳ್ಳೆಯದು. ಕೆಲಸ ಶುರುಮಾಡುವ ಮೊದಲು ಹೀಟರ್ ಕೆಳಗೆ ಅಚ್ಚನ್ನೇ ಸ್ವಲ್ಪ ಕಾಯಿಸಿ. ಮಾದರಿಗೆ ಎಂಡಿಎಫ್ ಸಾಕು. ಸಾವಿರಗಟ್ಟಲೆ ಪೀಸ್ ಬೇಕಿದ್ದರೆ ಒಳಗೆ ನೀರಿನ ಪೈಪ್ ಇರುವ ಅಲ್ಯೂಮಿನಿಯಂ ಎರಕದ ಅಚ್ಚೇ ಬೇಕು. ನಡುವಿನ ದಾರಿ ಅಂದರೆ ಅಲ್ಯೂಮಿನಿಯಂ ಪುಡಿ ಬೆರೆಸಿದ ಎಪಾಕ್ಸಿ (ಗಟ್ಟಿಯಾಗುವ ರಾಳ).

ನಿರ್ವಾತ76

ಇಬ್ಬರೂ ವ್ಯಾಕ್ಯೂಮ್ ಬಗ್ಗೆ ಹೇಳಲೇ ಇಲ್ಲ. ನಿಮ್ಮ ಮಶೀನ್‌ನಲ್ಲಿ ಪಂಪ್ ನೇರವಾಗಿ ಅಚ್ಚಿಗೆ ಸೇರಿದೆಯಾ, ಇಲ್ಲಾ ನಡುವೆ ಟ್ಯಾಂಕ್ ಇದೆಯಾ? ಪಂಪ್ ಒಂದೇ ಇದ್ದರೆ ಗಾಳಿ ನಿಧಾನಕ್ಕೆ ಹೊರಗೆ ಹೋಗುತ್ತದೆ, ಅಷ್ಟರಲ್ಲಿ ಶೀಟ್ ಗಟ್ಟಿಯಾಗುತ್ತಾ ಬರುತ್ತದೆ. ಬುಡದ ಕೋನ ಕೊನೆಗೂ ಕೂರುವುದಿಲ್ಲ. ಬೇಕಾಗಿರುವುದು ಒಂದೆರಡು ಸೆಕೆಂಡಿನಲ್ಲಿ ಒಮ್ಮೆಲೇ ಬೀಳುವ ಎಳೆತ.

ಟ್ಯಾಂಕ್ ಎಷ್ಟು ದೊಡ್ಡದಿರಬೇಕು ಅಂತ ಸುಲಭದ ಲೆಕ್ಕ. ಶೀಟ್ ಕೆಳಗೆ, ಪೈಪ್ ಸೇರಿ, 20 ಲೀಟರ್ ಗಾಳಿ ಇದೆ ಅಂದುಕೊಳ್ಳಿ. ಟ್ಯಾಂಕ್ ಒಳಗೆ ಒತ್ತಡ 0.05 ಬಾರ್‌ಗೆ ಇಳಿಸಿದ್ದೀರಿ (ಹೊರಗಿನ ಗಾಳಿಯ ಒತ್ತಡ ಸುಮಾರು 1 ಬಾರ್). ಟ್ಯಾಂಕ್ 100 ಲೀಟರ್ ಆದರೆ ವಾಲ್ವ್ ತೆರೆದ ಮೇಲೆ ಎರಡೂ ಕಡೆ ಸೇರಿ ಒತ್ತಡ 0.21 ಬಾರ್‌ಗೆ ನಿಲ್ಲುತ್ತದೆ. ಅಂದರೆ ಶೀಟನ್ನು ಒತ್ತಲು ಸುಮಾರು 0.8 ಬಾರ್ ಸಿಕ್ಕಿತು, ಚೆನ್ನಾಗಿದೆ. ಅದೇ ಟ್ಯಾಂಕ್ 20 ಲೀಟರ್ ಆದರೆ ಒತ್ತಡ 0.52ಕ್ಕೇ ನಿಲ್ಲುತ್ತದೆ. ಅರ್ಧ ಬಲವೂ ಇಲ್ಲ. ಗೇಜ್ ಮಾತ್ರ ವಾಲ್ವ್ ತೆರೆಯುವ ಮೊದಲು ಚೆನ್ನಾಗಿಯೇ ತೋರಿಸುತ್ತಿರುತ್ತದೆ, ಅದನ್ನು ನೋಡಿ ನಂಬಬೇಡಿ. ತೆರೆದ ಮೇಲೆ ಎಲ್ಲಿಗೆ ಬಂದು ನಿಂತಿತು ಅನ್ನುವುದನ್ನು ನೋಡಿ.

ಪೈಪ್ ದಪ್ಪ ಇರಲಿ, ಉದ್ದ ಕಡಿಮೆ ಇರಲಿ, ನೇರ ಕೋನದ ತಿರುವು ಕಡಿಮೆ ಇರಲಿ. ಅಚ್ಚಿನಲ್ಲಿ ರಂಧ್ರಗಳು ಶೀಟ್ ಕೊನೆಗೆ ತಾಗುವ ಜಾಗದಲ್ಲೇ ಇರಬೇಕು, ನಿಮ್ಮದರಲ್ಲಿ ಗೋಡೆ ಮತ್ತು ಬುಡ ಸೇರುವ ಮೂಲೆಯ ಸುತ್ತ. ಮೇಲ್ಮೈಯಲ್ಲಿ 0.8 ಮಿಮೀ ಸಾಕು, ಅದಕ್ಕಿಂತ ದೊಡ್ಡದಾದರೆ ಪೀಸ್ ಮೇಲೆ ಮೊಲೆಗಳಂತೆ ಗುರುತು ಬೀಳುತ್ತದೆ. ಹಿಂದಿನಿಂದ 5–6 ಮಿಮೀ ಡ್ರಿಲ್‌ನಲ್ಲಿ ಮುಕ್ಕಾಲು ದಾರಿ ಕೊರೆದು, ಕೊನೆಯ ಕೆಲವು ಮಿಮೀ ಮಾತ್ರ ಸಣ್ಣ ಡ್ರಿಲ್ ಹಾಕಿ. ಗಾಳಿ ಸರಾಗ ಹೋಗುತ್ತದೆ, ಸಣ್ಣ ಡ್ರಿಲ್ ಕೂಡ ಮುರಿಯುವುದಿಲ್ಲ. ಅಚ್ಚನ್ನು ಕನ್ನಡಿಯಂತೆ ಪಾಲಿಶ್ ಮಾಡಬೇಡಿ. ತಲೆಭಾಗದಲ್ಲಿ ಗಾಳಿ ಸಿಕ್ಕಿಹಾಕಿಕೊಂಡು ಗುಳಿ ಬೀಳುತ್ತದೆ. ಸಣ್ಣ ತರಿ ಇದ್ದರೆ ಗಾಳಿಗೆ ದಾರಿ.

ಪೆಟ್ಟಿಗೆ22

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಗೆರೆ ಎಳೆದು ನೋಡಿದೆ. ಹೀಟರ್‌ಬದಿ ಅವರು ಹೇಳಿದ ಹಾಗೆಯೇ ಇದೆ, 0.4 ಬಂದ ಬದಿಯಲ್ಲಿ ಚೌಕಗಳು ಉದ್ದಕ್ಕೆ ಎಳೆದುಕೊಂಡಿವೆ, ಎದುರು ಬದಿಯಲ್ಲಿ ಅಷ್ಟು ಹಿಗ್ಗೇ ಇಲ್ಲ. ಆ ಎದುರು ಬದಿಗೆ ಕಿಟಕಿ ಇದೆ. ತಗಡು ಅಡ್ಡ ಇಟ್ಟ ಮೇಲೆ ಎರಡೂ ಬದಿ ಹತ್ತಿರ ಹತ್ತಿರ ಬಂದವು. ಮೂಲೆಯ ಹೊರಗೆ ಮರದ ತುಂಡು ಕೂರಿಸಿದ್ದೇನೆ, ಎರಡು ಮೂಲೆ ಸ್ವಚ್ಛವಾಗಿವೆ, ಇನ್ನೆರಡರಲ್ಲಿ ಸಣ್ಣ ನೆರಿಗೆ ಉಳಿದಿದೆ. ಇಳಿಜಾರು 4 ಡಿಗ್ರಿಗೆ ಒಪ್ಪಿದ್ದಾರೆ, ಹೊಸ ಅಚ್ಚು ಮಾಡುತ್ತೇನೆ.

ಎರಡು ಪ್ರಶ್ನೆ ಉಳಿದವು. ಒಂದು, ಕೆಲವು ಶೀಟ್‌ಗಳಲ್ಲಿ ಕಾಯುವಾಗ ಮೇಲ್ಮೈಯಲ್ಲಿ ಸಾಸಿವೆಯಷ್ಟು ಗುಳ್ಳೆಗಳು ಏಳುತ್ತವೆ. ಹೀಟರ್ ತಗ್ಗಿಸಿದರೂ ಹೋಗಲಿಲ್ಲ. ಎರಡು, ಪಾರದರ್ಶಕ ಕವರ್‌ಗೆ ಪಾಲಿಕಾರ್ಬೊನೇಟ್ ತರಲಾ? ಇನ್ನೊಂದು ವಿಷಯ, ವ್ಯಾಕ್ಯೂಮ್ ಸಾಲದಿದ್ದರೆ ಮೇಲಿನಿಂದ ಕಂಪ್ರೆಸರ್ ಗಾಳಿ ಕೊಡು ಅಂತ ಒಬ್ಬರು ಹೇಳಿದರು. ಮಾಡಬಹುದಾ?

ಶೀಟ್‌ಗೋದಾಮು

ಕೊನೆಯದಕ್ಕೆ ಮೊದಲು ಉತ್ತರ: ದಯವಿಟ್ಟು ಮಾಡಬೇಡಿ. ವ್ಯಾಕ್ಯೂಮ್ ಎಷ್ಟೇ ಒಳ್ಳೆಯದಿದ್ದರೂ ಶೀಟ್ ಮೇಲೆ ಬೀಳುವುದು ಹೊರಗಿನ ಗಾಳಿಯ ಒತ್ತಡ ಮಾತ್ರ, ಒಂದು ಬಾರ್ ಮೀರುವುದಿಲ್ಲ. ಅಷ್ಟಕ್ಕೇ ನಿಮ್ಮ 300 × 200 ತಲೆಭಾಗದ ಮೇಲೆ ಸುಮಾರು 600 ಕಿಲೋ ಭಾರ ಬೀಳುತ್ತದೆ. 5 ಬಾರ್ ಕಂಪ್ರೆಸರ್ ಗಾಳಿ ಕೊಟ್ಟರೆ ಅದು 3 ಟನ್. ಒತ್ತಡದಿಂದ ಅಚ್ಚಿಗೆ ಕೂರಿಸುವ ವಿಧಾನ ನಿಜವಾಗಿಯೂ ಇದೆ, ಸಣ್ಣ ಅಕ್ಷರ, ಚೂಪು ಅಂಚು, ಚರ್ಮದಂತಹ ತರಿ ಎಲ್ಲ ಅದರಲ್ಲಿ ಸೊಗಸಾಗಿ ಬರುತ್ತದೆ. ಆದರೆ ಅದಕ್ಕೆ ಉಕ್ಕಿನ ಒತ್ತಡ ಪೆಟ್ಟಿಗೆ, ಬಲವಾದ ಲಾಕ್, ಲೋಹದ ಅಚ್ಚು, ಸೇಫ್ಟಿ ವಾಲ್ವ್ ಇರುವ ಮಶೀನೇ ಬೇಕು. ಎಂಡಿಎಫ್ ಅಚ್ಚು, ಮನೆಯಲ್ಲಿ ಮಾಡಿದ ಮುಚ್ಚಳ ಇಟ್ಟು ಇದನ್ನು ಮಾಡಿದರೆ ಸಿಡಿದು ಹತ್ತಿರ ನಿಂತವರ ಜೀವಕ್ಕೇ ಅಪಾಯ.

ಗುಳ್ಳೆಗಳು ತೇವದಿಂದ. ಎಬಿಎಸ್ ಗಾಳಿಯಲ್ಲಿರುವ ತೇವ ಎಳೆದುಕೊಳ್ಳುತ್ತದೆ, ಕಾಯಿಸಿದಾಗ ಅದು ಆವಿಯಾಗಿ ಶೀಟ್ ಒಳಗಿಂದ ಹೊರಗೆ ಬರಲು ನೋಡುತ್ತದೆ. ಹೀಟರ್ ತಗ್ಗಿಸಿದರೂ ಹೋಗದಿರುವುದೇ ಇದಕ್ಕೆ ಗುರುತು. ಸುಟ್ಟು ಬಂದ ಗುಳ್ಳೆ ಆದರೆ ಬಿಸಿ ಜಾಸ್ತಿ ಇರುವ ಕಡೆ ಮಾತ್ರ ಏಳುತ್ತದೆ. ಗಾಳಿ ಸುತ್ತುವ ಓವನ್‌ನಲ್ಲಿ 75–80 ಡಿಗ್ರಿಗೆ ಇಟ್ಟು, ದಪ್ಪದ ಪ್ರತಿ ಮಿಮೀಗೆ ಹೆಚ್ಚುಕಡಿಮೆ ಒಂದು ಗಂಟೆ ಒಣಗಿಸಿ. ಶೀಟ್‌ಗಳನ್ನು ಒಂದರ ಮೇಲೊಂದು ಪೇರಿಸಬೇಡಿ, ನಡುವೆ ಗಾಳಿ ಆಡಬೇಕು. ತೆರೆದ ಪ್ಯಾಕಿನಲ್ಲಿ ಉಳಿದದ್ದನ್ನು ಪ್ಲಾಸ್ಟಿಕ್ ಹೊದಿಕೆಯಲ್ಲಿ ಬಿಗಿದು ಇಡಿ.

ಪಾರದರ್ಶಕಕ್ಕೆ ಪಾಲಿಕಾರ್ಬೊನೇಟ್ ಗಟ್ಟಿಮುಟ್ಟು, ಸುತ್ತಿಗೆ ಏಟು ತಡೆಯುತ್ತದೆ. ಆದರೆ ನಿಮ್ಮ ಈಗಿನ ಮಶೀನ್‌ಗೆ ಅದು ಹಿಂಸೆ. ಅದನ್ನು ಒಣಗಿಸದೆ ಮುಟ್ಟುವ ಹಾಗೇ ಇಲ್ಲ, ಅದೂ 120 ಡಿಗ್ರಿ ಆಸುಪಾಸಿನಲ್ಲಿ ಗಂಟೆಗಟ್ಟಲೆ. ಮೆತ್ತಗಾಗಲು ಶುರುವಾಗುವುದೇ 147–150ಕ್ಕೆ, ಅಚ್ಚಿಗೆ ಎಳೆಯಲು 180–200 ಬೇಕು. ಅಲ್ಲಿಂದ ಕೆಳಗೆ ಬಂದ ಕೂಡಲೇ ಬೇಗ ಗಟ್ಟಿಯಾಗುತ್ತದೆ, ಹೀಟರ್ ಸರಿಸಿ ಅಚ್ಚು ಎತ್ತುವ ನಡುವೆ ತಡವರಿಸುವ ಹಾಗಿಲ್ಲ. ಕವರ್‌ಗೆ ತೀರಾ ಬಲವಾದ ಏಟು ಬೀಳುವುದಿಲ್ಲ, 60–65 ಡಿಗ್ರಿ ಮೀರಿದ ಬಿಸಿ ತಾಗುವುದಿಲ್ಲ ಅಂತಾದರೆ ಪೆಟ್‌ಜಿ ಅನ್ನುವ ಪಾರದರ್ಶಕ ಪ್ಲಾಸ್ಟಿಕ್ ಶೀಟ್ ತನ್ನಿ. 120ರಿಂದ 160 ಡಿಗ್ರಿಯೊಳಗೆ ಸುಲಭವಾಗಿ ಎಳೆಯುತ್ತದೆ, ಸಾಮಾನ್ಯವಾಗಿ ಒಣಗಿಸುವುದೂ ಬೇಡ, ಏಟಿಗೆ ಅಕ್ರಿಲಿಕ್‌ನಂತೆ ಚೂರಾಗುವುದಿಲ್ಲ. ತೀರಾ ಜಾಸ್ತಿ ಕಾಯಿಸಿದರೆ ಮಾತ್ರ ಮಂಜಾಗುತ್ತದೆ. ಒಂದು ನೆನಪಿಡಿ, ಪಾರದರ್ಶಕ ಶೀಟ್ ಅಚ್ಚಿನ ಪ್ರತಿ ಗೀರನ್ನೂ ತೋರಿಸುತ್ತದೆ. ಎಂಡಿಎಫ್ ನಾರು ಕೂಡ ಅಚ್ಚೊತ್ತುತ್ತದೆ. ಎಪಾಕ್ಸಿ ಬಳಿದು ಸಮ ಮಾಡಿ, ತೀರಾ ಸಣ್ಣ ತರಿ ಬಿಡಿ.

ಪಿವಿಸಿ ಶೀಟ್ ಯಾರಾದರೂ ಕೊಟ್ಟರೆ ಅದನ್ನು ಸುಡುವಷ್ಟು ಕಾಯಿಸಬೇಡಿ, ಹೈಡ್ರೋಜನ್ ಕ್ಲೋರೈಡ್ ಬರುತ್ತದೆ. ಕಣ್ಣು, ಶ್ವಾಸಕೋಶ, ಮಶೀನ್ ಎಲ್ಲಕ್ಕೂ ಕೆಟ್ಟದ್ದು. ಎಬಿಎಸ್ ಹೊಗೆಯೂ ಒಳ್ಳೆಯದಲ್ಲ. ಕಿಟಕಿಗೆ ತಗಡು ಅಡ್ಡ ಇಟ್ಟಿದ್ದೀರಲ್ಲ, ಹಾಗಾದರೆ ಮೇಲ್ಗಡೆ ಹೊಗೆ ಎಳೆಯುವ ಫ್ಯಾನ್ ಇರಲೇಬೇಕು. ಗಾಳಿ ಶೀಟ್ ಮೇಲೆ ಹಾಯದ ಹಾಗೆ ಅದನ್ನು ಹೀಟರ್‌ಗಿಂತ ಮೇಲೆ ಕೂರಿಸಿ.

ಮರಎಪಾಕ್ಸಿ

ಉಳಿದ ಎರಡು ಮೂಲೆಗಳ ಬಗ್ಗೆ: ಆ ತುಂಡುಗಳನ್ನು ಅಚ್ಚಿಗೆ ಇನ್ನೂ 5 ಮಿಮೀ ಹತ್ತಿರ ತನ್ನಿ. ಆದರೂ ಉಳಿದರೆ ಶೀಟನ್ನು ಐದಾರು ಡಿಗ್ರಿ ತಣ್ಣಗೆ ಎಳೆದು ನೋಡಿ. ಇನ್ನೊಂದು, ಶೀಟ್ ತಯಾರಾಗುವಾಗ ರೋಲರ್ ಎಳೆದ ದಿಕ್ಕಿನಲ್ಲಿ ಅದರೊಳಗೆ ಬಿಗಿತ ಉಳಿದಿರುತ್ತದೆ. ಕಾಯಿಸಿದಾಗ ಆ ದಿಕ್ಕಿನಲ್ಲಿ ಜಾಸ್ತಿ ಕುಗ್ಗುತ್ತದೆ. ಶೀಟನ್ನು ಒಂದು ಸಲ ಉದ್ದಕ್ಕೆ, ಒಂದು ಸಲ ಅಡ್ಡಕ್ಕೆ ಕತ್ತರಿಸಿ ಹಾಕುತ್ತಿದ್ದರೆ ಪೀಸಿನಿಂದ ಪೀಸಿಗೆ ನೆರಿಗೆ ಬದಲಾಗುತ್ತದೆ. ಎಲ್ಲವನ್ನೂ ಒಂದೇ ದಿಕ್ಕಿಗೆ ಕತ್ತರಿಸಿ, ಮೂಲೆಯಲ್ಲಿ ಬಾಣದ ಗುರುತು ಹಾಕಿ.

ಹೊಸ ಅಚ್ಚಿನ ಅಳತೆ ಹಾಕುವಾಗ ಕುಗ್ಗುವುದನ್ನು ಸೇರಿಸಲು ಮರೆಯಬೇಡಿ. ಪೀಸ್ ಒಳಗೆ 300 ಬೇಕಿದ್ದರೆ, 0.6 ಶೇಕಡಾ ಹಿಡಿದು ಅಚ್ಚು 301.8 ಇರಲಿ. ಪೆಟ್‌ಜಿ ಇದೇ ಸುಮಾರಿಗೆ ಬರುತ್ತದೆ, ಹಾಗಾಗಿ ಎರಡೂ ಕವರ್‌ಗೆ ಒಂದೇ ಅಚ್ಚು ನಡೆಯಬಹುದು. ಮುಂದೆ ಯಾವತ್ತಾದರೂ ಪಾಲಿಪ್ರೊಪಿಲೀನ್ ಕೇಳಿದರೆ ಆ ಅಚ್ಚು ಬಳಸಬೇಡಿ, ಅದು 1.5ರಿಂದ 2 ಶೇಕಡಾ ಕುಗ್ಗುತ್ತದೆ, ಬೇರೆಯೇ ಅಚ್ಚು ಬೇಕು.